ಕಾಸಿಗೆ ತಕ್ಕ ಕಜ್ಜಾಯ

‘ಕಾಸಿಗೆ ತಕ್ಕ ಕಜ್ಜಾಯ’ ಎಂಬುದು ನಮ್ಮ ಹಿರಿಯರು ವ್ಯಾಪಾರದಲ್ಲಿ ಕಲಿತುಕೊಂಡ ತತ್ತ್ವ. ಕಡಮೆ ಕಾಸು ಕೊಟ್ಟವನಿಗೆ ಕಜ್ಜಾಯವೂ ಚಿಕ್ಕದೇ ಸಿಕ್ಕೀತು. ಅದರಲ್ಲಿ ಗೊಣಗುವುದಕ್ಕೇನೂ ಇಲ್ಲ. ಆದರೆ ಚಿಕ್ಕ ಕಜ್ಜಾಯವೇ ಬೇರೆ, ಹಳಸಿದ ಕಜ್ಜಾಯವೇ ಬೇರೆ. ಅಗ್ಗದ ವಿಮಾನ ಪ್ರಯಾಣದ ವಿಷಯದಲ್ಲಿ ಈ ಎರಡರ ನಡುವಣ ಅಂತರವನ್ನು ನಾವು ಮರೆಯುತ್ತಿದ್ದೇವೆಯೇ ಎಂಬುದು ಈ ವಾರದ ವಿಚಾರ.

ವಿಮಾನವೆಂದೊಡನೆ ಅದು ದೊಡ್ಡವರ ಮಾತೆಂದು ಪುಟ ತಿರುವುವ ಕಾಲ ಹೋಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಇಂದು ಮಗನೋ ಮಗಳೋ ದೂರದ ಊರಿನಲ್ಲಿ ನೌಕರಿಯಲ್ಲಿರುವ ಮನೆಗಳು ಎಷ್ಟಿಲ್ಲ? ಮೊಮ್ಮಗುವಿನ ನಾಮಕರಣಕ್ಕೆಂದು ಚಕ್ಕುಲಿಯ ಡಬ್ಬ ಹಿಡಿದು ದೆಹಲಿಗೋ ಪುಣೆಗೋ ಹೊರಟ ಅಜ್ಜಿಯೂ ವಿಮಾನವನ್ನು ಬಸ್ಸಿನಂತೆಯೇ ಏರುತ್ತಾಳೆ. ಹಾಸನದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣವಾಗಬೇಕೆಂಬ ಆಸೆ ದಶಕಗಳಷ್ಟು ಹಳೆಯದು. ಅಲ್ಲಿಂದ ದಿನವಹಿ ವಿಮಾನ ಹಾರುವವರೆಗೆ ಚನ್ನರಾಯಪಟ್ಟಣದ ದಾರಿಯಾಗಿ ದೇವನಹಳ್ಳಿಗೆ ಹೋಗಬೇಕು, ಇಲ್ಲವೇ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ.

ಅಗ್ಗದ ವಿಮಾನವೆಂಬ ಕಲ್ಪನೆಯನ್ನು ಭಾರತದಲ್ಲಿ ಮೊದಲು ಕಾರ್ಯಕ್ಕೆ ತಂದವರೂ ಈ ಸೀಮೆಯವರೇ. ಹಾಸನದಿಂದ ಅರಕಲಗೂಡಿಗೆ ಹೋಗುವ ದಾರಿಯಲ್ಲಿ ಗೊರೂರು ಸಿಕ್ಕುತ್ತದೆ. ಆ ಊರು ಸಾಹಿತ್ಯಪ್ರಿಯರಿಗೆ ರಾಮಸ್ವಾಮಿ ಅಯ್ಯಂಗಾರರಿಂದಲೂ ರೈತರಿಗೆ ಹೇಮಾವತಿಯ ಅಣೆಕಟ್ಟಿನಿಂದಲೂ ಪರಿಚಿತವಾದದ್ದು. ಅಲ್ಲಿ ಬೆಳೆದ ಜಿ. ಆರ್. ಗೋಪಿನಾಥರು ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದು, ಮರಳಿ ಬಂದು ಜಾವಗಲ್ಲಿನ ಬಳಿ ಬೇಸಾಯ ಮಾಡಿದರು. 2003ರಲ್ಲಿ ಏರ್ ಡೆಕ್ಕನ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಆರ್. ಕೆ. ಲಕ್ಷ್ಮಣರ ಶ್ರೀಸಾಮಾನ್ಯನೇ ಅದರ ಲಾಂಛನ.

ಅವರು ಉಳಿತಾಯ ಮಾಡಿದ್ದು ಎಲ್ಲಿ? ಸರ್ಕಾರದ ಇಂಡಿಯನ್ ಏರ್‌ಲೈನ್ಸ್ 1953ರಲ್ಲಿ ಹುಟ್ಟಿದಂದಿನಿಂದ ವಿಮಾನವೆಂದರೆ ಒಂದು ಬಗೆಯ ಬೀಗರ ಉಪಚಾರ: ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರಮಿಂಟು, ತಟ್ಟೆಯಲ್ಲಿ ಊಟ. ಗೋಪಿನಾಥರು ಈ ಉಪಚಾರವನ್ನೆಲ್ಲ ಕೈಬಿಟ್ಟರು. ತಿಂಡಿ ಬೇಕಾದವರು ಕೊಂಡು ತಿನ್ನಬೇಕು. ಟಿಕೆಟ್ಟು ಪೆಟ್ರೋಲ್ ಬಂಕಿನಲ್ಲಿಯೂ ಸಿಕ್ಕುವುದು. ವಿಮಾನದೊಳಗೆ ಆಸನಗಳು ಹೆಚ್ಚು, ನೆಲದ ಮೇಲೆ ವಿಮಾನ ನಿಲ್ಲುವ ಹೊತ್ತು ಕಡಮೆ. ಒಂದು ರೂಪಾಯಿಗೆ ಟಿಕೆಟ್ಟು ಮಾರಿದ ದಿನಗಳೂ ಇದ್ದವು. ಮೊಣಕಾಲು ಮುಂದಿನ ಆಸನಕ್ಕೆ ತಗುಲಿತು, ಹೊತ್ತಿಗೆ ಸರಿಯಾಗಿ ವಿಮಾನ ಬರಲಿಲ್ಲ ಎಂಬ ದೂರುಗಳಿಗೆ ಕೊರತೆಯಿರಲಿಲ್ಲ. ಆದರೂ ಅದುವರೆಗೆ ವಿಮಾನವನ್ನು ತಲೆಯೆತ್ತಿ ನೋಡಿದ್ದ ಸಾವಿರಾರು ಮಂದಿ ಅದರೊಳಗೆ ಕುಳಿತರು. ಕಜ್ಜಾಯ ಚಿಕ್ಕದಾಯಿತು, ತಿಂದವರ ಸಂಖ್ಯೆ ಬೆಳೆಯಿತು. ಈ ಲೆಕ್ಕದಲ್ಲಿ ತಪ್ಪೇನೂ ಇಲ್ಲ.

ಕಷ್ಟವಿರುವುದು ಮುಂದಿನ ಹೆಜ್ಜೆಯಲ್ಲಿ. ಊಟ, ಪತ್ರಿಕೆ, ಮೆತ್ತನೆಯ ಆಸನ ಇವು ಪ್ರಯಾಣಿಕನ ಕಣ್ಣಿಗೆ ಬೀಳುವ ವೆಚ್ಚಗಳು. ತೆಗೆದರೆ ಅವನಿಗೆ ತಿಳಿಯುತ್ತದೆ, ಬೇಡವಾದರೆ ಬೇರೆ ವಿಮಾನ ಹತ್ತುತ್ತಾನೆ. ಕಣ್ಣಿಗೆ ಬೀಳದ ವೆಚ್ಚಗಳು ಬೇರೆಯಿವೆ: ಯಂತ್ರವನ್ನು ಪರೀಕ್ಷಿಸಿ ‘ಹಾರಬಹುದು’ ಎಂದು ರುಜು ಹಾಕುವ ಎಂಜಿನಿಯರನ ಸಂಬಳ, ರಾತ್ರಿಯೆಲ್ಲ ಎಚ್ಚರವಿರಬೇಕಾದ ಚಾಲಕನ ವಿಶ್ರಾಂತಿ. ಅಲ್ಲಿ ಕತ್ತರಿ ಹಾಕಿದರೆ ಪ್ರಯಾಣಿಕನಿಗೆ ತಿಳಿಯುವ ಬಗೆಯೇ ಇಲ್ಲ.

ನಷ್ಟದಲ್ಲಿದ್ದ ಏರ್ ಡೆಕ್ಕನ್ 2008ರ ಹೊತ್ತಿಗೆ ಕಿಂಗ್‌ಫಿಷರ್ ಸಂಸ್ಥೆಯೊಳಗೆ ಕರಗಿತು. 2012ರಲ್ಲಿ ಆ ಸಂಸ್ಥೆಯ ಚಾಲಕರಿಗೂ ಎಂಜಿನಿಯರುಗಳಿಗೂ ತಿಂಗಳುಗಟ್ಟಲೆ ಸಂಬಳವಿರಲಿಲ್ಲ. ಅವರು ಮುಷ್ಕರ ಹೂಡಿದರು. ಅಕ್ಟೋಬರಿನಲ್ಲಿ ಅದರ ಪರವಾನಗಿಯನ್ನು ಸರ್ಕಾರ ತಡೆಹಿಡಿಯಿತು. ಮನೆಬಾಡಿಗೆಗೆ ದಾರಿ ಕಾಣದವನ ಕೈಯಲ್ಲಿ ನೂರೆಂಬತ್ತು ಜೀವಗಳ ಹೊಣೆಯಿಡುವುದು ಎಂಥ ವ್ಯವಹಾರ?

ಇನ್ನು ನಿದ್ದೆಯ ಮಾತು. 2010ರ ಮೇ 22ರ ಬೆಳಗಿನ ಜಾವ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಗುಡ್ಡದ ಮೇಲಣ ರನ್‌ವೇಯನ್ನು ದಾಟಿ ಕಮರಿಗೆ ಉರುಳಿತು. ಒಳಗಿದ್ದ 166 ಜನರಲ್ಲಿ ಉಳಿದವರು 8 ಮಂದಿ. 8,033 ಅಡಿಯ ರನ್‌ವೇಯಲ್ಲಿ ಸುಮಾರು 5,200 ಅಡಿ ಕಳೆದ ಮೇಲೆ ವಿಮಾನದ ಗಾಲಿ ನೆಲ ಮುಟ್ಟಿತ್ತು. ಇಳಿಯದೆ ಮೇಲಕ್ಕೇರುವಂತೆ ಸಹಚಾಲಕ ಮೂರು ಬಾರಿ ಹೇಳಿದ್ದ. ದಾರಿಯಲ್ಲಿ ಮುಖ್ಯ ಚಾಲಕ ದೀರ್ಘಕಾಲ ನಿದ್ರಿಸಿದ್ದನೆಂದೂ, ನಿದ್ದೆಯ ಜಡತೆ ಅವನ ವಿವೇಚನೆಯನ್ನು ಮಂಕು ಮಾಡಿರಬಹುದೆಂದೂ ತನಿಖೆ ಹೇಳಿತು. ಉಳಿತಾಯವೇ ಆ ದುರಂತದ ಕಾರಣವೆನ್ನುವುದು ಅನ್ಯಾಯವಾದೀತು. ಆದರೆ ಬೆಳಗಿನ ಜಾವದ ನಿದ್ದೆ ಎಷ್ಟು ಬಲಶಾಲಿಯೆಂಬುದನ್ನು ಕರಾವಳಿಯ ಎಷ್ಟೋ ಮನೆಗಳು ಅಂದು ಅರಿತವು.

ಚಾಲಕರ ವಿಶ್ರಾಂತಿಯ ಹೊಸ ನಿಯಮಗಳನ್ನು ಸರ್ಕಾರ ಪ್ರಕಟಿಸಿದ್ದು 2024ರ ಜನವರಿಯಲ್ಲಿ. ವಾರದ ವಿಶ್ರಾಂತಿ 36 ಗಂಟೆಯಿಂದ 48 ಗಂಟೆಗೆ ಏರಬೇಕು. ರಾತ್ರಿ ವೇಳೆ ವಿಮಾನ ಇಳಿಸುವುದು ಆರರಿಂದ ಎರಡಕ್ಕೆ ಇಳಿಯಬೇಕು. ಇವು ಪೂರ್ಣವಾಗಿ ಜಾರಿಗೆ ಬಂದದ್ದು 2025ರ ನವೆಂಬರ್ 1ರಂದು. ಅಷ್ಟು ಕಾಲಾವಕಾಶವಿದ್ದೂ ದೇಶದ ಒಳನಾಡಿನ ಪ್ರಯಾಣಿಕರಲ್ಲಿ ಅರ್ಧಕ್ಕೂ ಮಿಗಿಲಾದವರನ್ನು ಸಾಗಿಸುವ ಇಂಡಿಗೋ ಸಂಸ್ಥೆಯಲ್ಲಿ ಬೇಕಾದಷ್ಟು ಚಾಲಕರಿರಲಿಲ್ಲ. ಡಿಸೆಂಬರ್ 5ರ ಒಂದೇ ದಿನ ಅದರ ಸಾವಿರಕ್ಕೂ ಹೆಚ್ಚು ಹಾರಾಟಗಳು ರದ್ದಾದವು. ಬೆಂಗಳೂರಿನ ನಿಲ್ದಾಣದಲ್ಲಿ ಮಕ್ಕಳು ಪೆಟ್ಟಿಗೆಗಳ ಮೇಲೆಯೇ ಮಲಗಿದರು. ಆ ವಾರ ಹುಬ್ಬಳ್ಳಿಯ ಒಂದು ಆರತಕ್ಷತೆಗೆ ವಧೂವರರೇ ತಲಪಲಾರದೆ, ಅಂತರ್ಜಾಲದ ಮೂಲಕ ಪರದೆಯ ಮೇಲೆ ಕಾಣಿಸಿಕೊಂಡು ನೆಂಟರ ಆಶೀರ್ವಾದ ಪಡೆದರು. ಉಳಿದ ವಿಮಾನಗಳ ದರ ಗಗನಕ್ಕೇರಿ, 500 ಕಿಲೋಮೀಟರಿನ ಒಳಗಣ ಪ್ರಯಾಣಕ್ಕೆ 7,500 ರೂಪಾಯಿಯ ಮಿತಿಯನ್ನು ಸರ್ಕಾರ ವಿಧಿಸಬೇಕಾಯಿತು. ಅಗ್ಗವೆಂದುಕೊಂಡದ್ದು ಹೀಗೆ ದುಬಾರಿಯಾಯಿತು.

ಆಗ ಸರ್ಕಾರ ಮಾಡಿದ ಇನ್ನೊಂದು ಕೆಲಸ ನಮ್ಮನ್ನು ಯೋಚನೆಗೆ ಹಚ್ಚಬೇಕು: ರಾತ್ರಿಯ ನಿಯಮಗಳಿಂದ ಆ ಸಂಸ್ಥೆಗೆ 2026ರ ಫೆಬ್ರವರಿ 10ರವರೆಗೆ ವಿನಾಯಿತಿ. ಜನ ನಿಲ್ದಾಣಗಳಲ್ಲಿ ಗೋಳಾಡುತ್ತಿದ್ದಾಗ ಬೇರೆ ದಾರಿಯಿರಲಿಲ್ಲ ಎನ್ನಬಹುದು. ಆದರೆ ಸಿದ್ಧತೆ ಮಾಡಿಕೊಳ್ಳದವರಿಗೆ ಕಡೆಯಲ್ಲಿ ನಿಯಮವೇ ಬಾಗುವುದಾದರೆ, ಮುಂದೆ ಸಿದ್ಧತೆಗೆ ಹಣ ಹಾಕುವವರು ಯಾರು?

ಹಾಸನದಿಂದ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುವಾಗ ನಮ್ಮ ಹಿರಿಯರು ಮುಂದೆ ಬಾಗಿ, ‘ಏನಪ್ಪಾ, ನಿದ್ದೆ ಆಗಿದೆಯೇ?’ ಎಂದು ಡ್ರೈವರನನ್ನು ವಿಚಾರಿಸುವುದುಂಟು. ವಿಮಾನದಲ್ಲಿ ಚಾಲಕನ ಬಾಗಿಲು ಮುಚ್ಚಿರುತ್ತದೆ. ಆ ಪ್ರಶ್ನೆಯನ್ನು ನಮ್ಮ ಪರವಾಗಿ ಕೇಳಬೇಕಾದವರು ಸರ್ಕಾರದವರು. ಅವರು ಕೇಳುತ್ತಿದ್ದಾರೆಯೇ ಎಂದು ನೋಡುವುದು ನಮ್ಮ ಕೆಲಸ.

ಹಾಗೆಯೇ, ಚಾಲಕರ ಕೆಲಸದ ಅವಧಿ ಮುಗಿದುದರಿಂದ ವಿಮಾನ ತಡವೆಂಬ ಪ್ರಕಟಣೆ ಬಂದಾಗ ಸಿಬ್ಬಂದಿಯ ಮೇಲೆ ಹರಿಹಾಯುವುದು ಬೇಡ. ರದ್ದಾದರೆ ಹಣವನ್ನಾಗಲಿ ಬದಲಿ ವಿಮಾನವನ್ನಾಗಲಿ ಪಡೆಯುವ ಹಕ್ಕು ನಮಗಿದೆ, ಅದನ್ನು ಬಿಡದೆ ಕೇಳೋಣ. ಆದರೆ ದಣಿದವನನ್ನು ಹೇಗಾದರೂ ಹಾರಿಸಿರೆಂದು ಮಾತ್ರ ಕೇಳದಿರೋಣ. ನೀರಿನ ಬಾಟಲಿಗೂ ಉಪ್ಪಿಟ್ಟಿಗೂ ಬೇಕಾದರೆ ಬೇರೆ ಕಾಸು ಕೊಡೋಣ. ಚಾಲಕನ ನಿದ್ದೆ ಮಾರಿ ತಂದ ಅಗ್ಗ ನಮಗೆ ಬೇಡ.