ಕೆಂಪು ಚೌಕ ನಂಬಿ ಹಲ್ಲು ಕೊರೆಯುವ ಮುನ್ನ

ಬಿಡಿಎಸ್ ಹುಡುಗರು ಮೊದಲು ನೆಟ್ಟಗೆ ಹಲ್ಲು ಕೀಳುವುದನ್ನು ಕಲಿಯಲಿ, ಎಐ ಪಾಠ ಆಮೇಲೆ ನೋಡೋಣ ಎನ್ನುತ್ತಾರೆ ಡೆಂಟಲ್ ಕಾಲೇಜುಗಳ ಹಿರಿಯರು. ಆಮೇಲೆ ಎಂದರೆ ಯಾವಾಗ ಸ್ವಾಮಿ? ಎಕ್ಸ್‌-ರೇ ನೋಡಿ ಹುಳುಕು ಗುರುತಿಸುವ ಪರ್ಲ್ ಕಂಪನಿಯ ತಂತ್ರಾಂಶಕ್ಕೆ ಅಮೆರಿಕದ ಎಫ್‌ಡಿಎ 2022ರಲ್ಲೇ ಒಪ್ಪಿಗೆ ಕೊಟ್ಟಾಗಿದೆ. ಕಾಲೇಜು ಕಲಿಸದಿದ್ದರೆ ಮಾರುವವನೇ ಬಂದು ಕಲಿಸುತ್ತಾನೆ. ಒಂದು ದಿನದ ಕಾರ್ಯಾಗಾರ, ಊಟ, ಸರ್ಟಿಫಿಕೇಟ್. ತನ್ನ ಯಂತ್ರ ಎಲ್ಲಿ ಎಡವುತ್ತದೆ ಎಂದು ಅವನು ಹೇಳಿಕೊಡುತ್ತಾನೆಯೇ?

ಲೆಕ್ಕ ಹಾಕಿ ನೋಡಿ. ಸಾವಿರ ಹಲ್ಲುಗಳಲ್ಲಿ 50ಕ್ಕೆ ಹುಳುಕು ಹಿಡಿದಿದೆ ಎಂದಿಟ್ಟುಕೊಳ್ಳಿ. ಹುಳುಕಿರಲಿ, ಇಲ್ಲದಿರಲಿ, ನೂರಕ್ಕೆ 90 ಸಲ ಸರಿ ಹೇಳುವ ಯಂತ್ರ ಆ 50ರಲ್ಲಿ 45ನ್ನು ಹಿಡಿಯುತ್ತದೆ. ಚೆನ್ನಾಗಿರುವ 950ರಲ್ಲಿ 95ಕ್ಕೂ ಹುಳುಕೆಂದು ಕೆಂಪು ಚೌಕ ಹಾಕುತ್ತದೆ. ಒಟ್ಟು 140 ಚೌಕ. ಅದರಲ್ಲಿ 95 ಹಲ್ಲಿಗೆ ಏನೂ ಆಗಿಲ್ಲ! ಎಕ್ಸ್‌-ರೇಯಲ್ಲಿ ಹಲ್ಲಿನ ಕುತ್ತಿಗೆಯ ಹತ್ತಿರ ಸಹಜವಾಗಿಯೇ ಒಂದು ಕಪ್ಪು ಛಾಯೆ ಬೀಳುತ್ತದೆ, ಸರ್ವೈಕಲ್ ಬರ್ನ್‌ಔಟ್ ಎನ್ನುತ್ತಾರೆ. ಅದನ್ನು ಹುಳುಕೆಂದು ಭ್ರಮಿಸುವುದು ಸುಲಭ. ಪ್ರೋಬ್ ಹಿಡಿದು, ಗಾಳಿ ಹಾಯಿಸಿ ಒಣಗಿಸಿ ಕಣ್ಣಾರೆ ನೋಡಿದವನಿಗೆ ಮಾತ್ರ ಇದು ಹುಳುಕಲ್ಲವೇನೋ ಎಂಬ ಅನುಮಾನ ಬರುತ್ತದೆ. ಕೊರೆದ ಎನಾಮೆಲ್ ಮತ್ತೆ ಬೆಳೆಯುವುದಿಲ್ಲ. 140ರಲ್ಲಿ 95 ಎಂಬುದು ಗೊತ್ತಿಲ್ಲದ ವೈದ್ಯನ ಕೈಗೆ ಡ್ರಿಲ್ ಕೊಡುವುದು ಅಪರಾಧ.

ಲಕ್ಷಗಟ್ಟಲೆ ಶುಲ್ಕ ಕಟ್ಟಿ, ಸಾಲ ಮಾಡಿ ಕ್ಲಿನಿಕ್ ತೆರೆದು, ಕುರ್ಚಿಯ ಕಂತು ತೀರಿಸುತ್ತಿರುವ ಯುವ ವೈದ್ಯನಿಗೆ ಪ್ರತಿ ಕೆಂಪು ಚೌಕವೂ ದುಡ್ಡಾಗಿ ಕಾಣುತ್ತದೆ. ಸೀಟನ್ನು ಸರಕಿನಂತೆ ಮಾರಿದ ವ್ಯವಸ್ಥೆಯೇ ಅವನನ್ನು ಅಲ್ಲಿಗೆ ತಂದು ನಿಲ್ಲಿಸಿದೆ. ನಾನು ದೂರುವುದು ಅವನನ್ನಲ್ಲ, ಕಲಿಸದೆ ಕಳಿಸಿದವರನ್ನು.

ಕಲಿಸಲು ಸಮಯವಿಲ್ಲ ಎನ್ನುವ ನೆಪವೂ ನಿಲ್ಲುವುದಿಲ್ಲ. ಸಾರ್ವಜನಿಕ ದಂತ ಆರೋಗ್ಯದ ಪಠ್ಯದಲ್ಲಿ ಬಯೋಸ್ಟ್ಯಾಟಿಸ್ಟಿಕ್ಸ್ ಈಗಾಗಲೇ ಇದೆ. ಈ ಲೆಕ್ಕವನ್ನು ಅಲ್ಲೇ ಕಲಿಸಬಹುದು, ಪರೀಕ್ಷೆಯಲ್ಲಿ ಕೇಳಬಹುದು. ಯಂತ್ರ ತಪ್ಪಿದ ಎಕ್ಸ್‌-ರೇಗಳನ್ನು ಮುಂದಿಟ್ಟು ವಾದ ಮಾಡಿಸಬಹುದು. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ರಾಷ್ಟ್ರೀಯ ದಂತ ಆಯೋಗದ ಕಾಯ್ದೆ ತಂದದ್ದು ಬರೀ ಬೋರ್ಡು ಬದಲಿಸಲಿಕ್ಕಲ್ಲ ಎಂದಾದರೆ, ಆಯೋಗ ಈ ಪಾಠವನ್ನು ಕಡ್ಡಾಯ ಮಾಡಲಿ.

ಅಲ್ಲಿಯವರೆಗೆ, ಓದುಗರೇ, ನೋವಿಲ್ಲದ ಹಲ್ಲಿನ ಮೇಲೆ ಪರದೆಯಲ್ಲಿ ಕೆಂಪು ಚೌಕ ತೋರಿಸಿದರೆ ಕೂಡಲೇ ಬಾಯಿ ತೆರೆಯಬೇಡಿ. ಡಾಕ್ಟ್ರೇ, ನಿಮಗೂ ಹಾಗೇ ಕಾಣುತ್ತದೆಯೇ ಎಂದು ಕೇಳಿ.