ವಿದೇಶದಲ್ಲಿ ವೈದ್ಯ ವ್ಯಾಸಂಗ: ಹೊರಡುವ ಮುನ್ನ ವಿಚಾರ

ಚಂದ್ರದ್ರೋಣ ಪರ್ವತದ ಮಡಿಲಿನ ಅತ್ತಿಗುಂಡಿಯಂತಹ ಊರುಗಳಲ್ಲಿ ಸಣ್ಣ ಬೆಳೆಗಾರನಿಗೆ ಎರಡು ಮೂರು ಎಕರೆ ಕಾಫಿ ತೋಟವೇ ಸರ್ವಸ್ವ. ಅಂತಹ ಮನೆಯ ಮಗನೋ ಮಗಳೋ ವೈದ್ಯರಾಗಬೇಕೆಂದು ಹಂಬಲಿಸುವುದು ಶ್ಲಾಘನೀಯವಾದುದು. ಆದರೆ ನೀಟ್ ಪರೀಕ್ಷೆಯಲ್ಲಿ ಅಂಕಗಳು ಕಡಿಮೆಯಾದೊಡನೆ ತೋಟವನ್ನು ಅಡವಿಟ್ಟು ಮಕ್ಕಳನ್ನು ರಷ್ಯಕ್ಕೋ ಜಾರ್ಜಿಯಕ್ಕೋ ಕಳುಹಿಸುವ ಆತುರವು ವಿಚಾರಾರ್ಹವಾಗಿದೆ.

ಇದಕ್ಕಾಗಿ ತಂದೆತಾಯಿಗಳನ್ನು ದೂಷಿಸುವುದು ನ್ಯಾಯವಲ್ಲ. ಸರ್ಕಾರಿ ಕಾಲೇಜುಗಳ ಸೀಟುಗಳು ಮಿತವಾಗಿವೆ. ಖಾಸಗಿ ಕಾಲೇಜುಗಳ ಶುಲ್ಕವು ಸಾಮಾನ್ಯರ ಕೈಗೆ ನಿಲುಕದು. ವಿದೇಶದಲ್ಲಿ ಕಲಿತು ಬಂದು ಜನಾನುರಾಗ ಗಳಿಸಿದ ವೈದ್ಯರೂ ಉಂಟು.

ಆದರೂ ಅರ್ಹತೆ ಬೇರೆ, ಸಿದ್ಧತೆ ಬೇರೆ. ವಿದೇಶಕ್ಕೆ ಹೋಗುವವರಿಗೂ ನೀಟ್ ಅರ್ಹತೆ ಕಡ್ಡಾಯ. 2023ರಲ್ಲಿ ಸಾಮಾನ್ಯ ವರ್ಗದವರಿಗೆ 720ಕ್ಕೆ 137 ಅಂಕಗಳಷ್ಟೇ ಅದಕ್ಕೆ ಸಾಕಾಗಿದ್ದವು. ಅಷ್ಟರಿಂದಲೇ ದಾರಿ ಸುಗಮವೆಂದು ಮಧ್ಯವರ್ತಿಗಳು ನಂಬಿಸುತ್ತಾರೆ. ನಿಜವಾದ ಪರೀಕ್ಷೆ ಕಾದಿರುವುದು ಹಿಂದಿರುಗಿದ ಮೇಲೆ. 2002ರಿಂದ ನಡೆದುಬಂದಿರುವ ವಿದೇಶಿ ವೈದ್ಯ ಪದವೀಧರರ ಪರೀಕ್ಷೆಯಲ್ಲಿ 300ಕ್ಕೆ 150 ಅಂಕಗಳನ್ನು ಪಡೆಯದವರು ಇಲ್ಲಿ ವೃತ್ತಿ ಕೈಗೊಳ್ಳುವಂತಿಲ್ಲ. 2023ರ ಡಿಸೆಂಬರ್ ಹಾಗೂ 2024ರ ಜೂನ್ ಅವಧಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾದವರು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಉಳಿದವರ ಮನೆಯಲ್ಲಿ ಸಾಲವಿದೆ, ಪದವಿಯಿದೆ, ವೃತ್ತಿಯಿಲ್ಲ.

ಇದಕ್ಕೆ ಬುದ್ಧಿಯ ಕೊರತೆಯೊಂದೇ ಕಾರಣವಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆದರೂ ರೋಗಿಯ ನುಡಿ ಬೇರೆ. ಆ ನುಡಿಯನ್ನರಿಯದವನಿಗೆ ರೋಗಿಯ ಹಾಸಿಗೆಯ ಬಳಿ ಕಲಿಕೆ ಕುಂಠಿತವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಗುರುತಿಸಲ್ಪಟ್ಟು ಇಂದಿಗೂ ಮಲೆನಾಡನ್ನು ಕಾಡುವ ಮಂಗನ ಕಾಯಿಲೆಯ ರೋಗಿಯನ್ನು ಅಲ್ಲಿನ ಆಸ್ಪತ್ರೆಯಲ್ಲಿ ಕಾಣುವುದೆಂತು?

2021ರ ನಿಯಮಗಳ ಪ್ರಕಾರ ವಿದೇಶದ ಶಿಕ್ಷಣ ಕನಿಷ್ಠ 54 ತಿಂಗಳದಾಗಿರಬೇಕು. ಅದೇ ಸಂಸ್ಥೆಯಲ್ಲಿ 12 ತಿಂಗಳ ತರಬೇತಿಯೂ, ಆ ದೇಶದಲ್ಲಿಯೇ ವೃತ್ತಿ ನಡೆಸುವ ಅರ್ಹತೆಯೂ ಇರಬೇಕು. ಇವನ್ನು ಪರಿಶೀಲಿಸದೆ ಹಣ ಕಟ್ಟುವುದು ಅವಿವೇಕ. ಪರದೇಶದ ಅನಿಶ್ಚಿತತೆಯೂ ಅಲ್ಪವಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ವೈದ್ಯ ವಿದ್ಯಾರ್ಥಿಯೊಬ್ಬನು ಯುದ್ಧಕ್ಕೆ ಬಲಿಯಾದುದನ್ನು ನಾಡು ಮರೆತಿಲ್ಲ.

ಆದುದರಿಂದ ಉಪಾಧ್ಯಾಯರ ಹೊಣೆ ಹಿರಿದಾಗಿದೆ. ಕಡಿಮೆ ಅಂಕ ಪಡೆದ ಮಗುವಿನಲ್ಲಿ ಕೊರತೆಯಾದುದು ಅಭ್ಯಾಸದ ಅವಕಾಶವೋ, ಆ ವಿಷಯದ ಒಲವೋ ಎಂಬುದನ್ನು ಬಲ್ಲವರು ಅವರೇ. ಮೊದಲಿನದಾದರೆ ಇನ್ನೊಂದು ವರ್ಷದ ಸಿದ್ಧತೆಯು ಆರು ವರ್ಷಗಳ ಪರವಾಸಕ್ಕಿಂತ ಮೇಲು; ಎರಡನೆಯದಾದರೆ ಶುಶ್ರೂಷೆ, ಔಷಧಶಾಸ್ತ್ರ, ಕೃಷಿ ವಿಜ್ಞಾನಗಳು ಕೀಳಾದ ಮಾರ್ಗಗಳಲ್ಲ. ಚಿಕ್ಕಮಗಳೂರಿನಲ್ಲಿಯೇ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇರುವುದು ಪ್ರಯತ್ನಶೀಲರಿಗೆ ಭರವಸೆ ನೀಡತಕ್ಕದ್ದು.

ದಾನಿಗಳು ಕಟ್ಟಡಗಳಿಗೆ ನೀಡಿದ ನೆರವು ಸ್ಮರಣೀಯ. ಅದರೊಡನೆ ಬಡ ವಿದ್ಯಾರ್ಥಿಯ ಆ ಒಂದು ವರ್ಷದ ಊಟ, ವಸತಿ, ಪುಸ್ತಕಗಳ ಭಾರವನ್ನು ಹೊತ್ತರೆ ಎಷ್ಟೋ ತೋಟಗಳು ಅಡವಿನಿಂದ ಉಳಿದಾವು. ವೈದ್ಯರಾಗಿರುವ ಹಳೆಯ ವಿದ್ಯಾರ್ಥಿಗಳು ವರ್ಷಕ್ಕೊಮ್ಮೆ ಬಂದು, ಪಾಲಕರೆದುರು ಕುಳಿತು, ಈ ಲೆಕ್ಕವನ್ನು ಉಳಿಸದೆ ಬಿಡಿಸಿ ಹೇಳಲಿ. ಅದೂ ವಿದ್ಯಾದಾನವೇ.