ತಪ್ಪನ್ನು ಹೇಳಿಕೊಳ್ಳೋಣ



ಹೊಸಪೇಟೆಯಿಂದ ಬಳ್ಳಾರಿಗೆ ಹೋಗುವಾಗ ಸಂಡೂರು ತಾಲೂಕಿನ ತೋರಣಗಲ್ಲಿನಲ್ಲಿ ವಿಮಾನ ನಿಲ್ದಾಣವಿದೆ. ಸ್ವಂತ ಪುಟ್ಟ ವಿಮಾನ ಇಟ್ಟುಕೊಂಡವರ ಭಾಗ್ಯವೇ ಭಾಗ್ಯ ಎನ್ನುತ್ತೇವೆ. ಆದರೆ ಅವರಿಂದ ನಾವು ಕಲಿಯಬೇಕಾದದ್ದು ಬೇರೆಯೇ ಇದೆ.

ಸಾವಿರ ಸಲ ಹಾರಿದ ಪೈಲಟ್ ಕೂಡ ಹಾರುವ ಮುನ್ನ ಪಟ್ಟಿ ಹಿಡಿದು ಒಂದೊಂದನ್ನೇ ಪರೀಕ್ಷಿಸುತ್ತಾನೆ. ಇಂಧನದಲ್ಲಿ ನೀರು ಸೇರಿದೆಯೇ ಎಂದು ಸ್ವಲ್ಪ ಹೊರತೆಗೆದು ನೋಡುತ್ತಾನೆ. 1935ರಲ್ಲಿ ಅಮೆರಿಕದಲ್ಲಿ ನುರಿತ ಪೈಲಟ್‌ಗಳೇ ಒಂದು ಲಾಕ್ ತೆಗೆಯಲು ಮರೆತು ಬೋಯಿಂಗ್ ವಿಮಾನ ನೆಲಕ್ಕಪ್ಪಳಿಸಿತು, ಇಬ್ಬರು ತೀರಿಕೊಂಡರು. ಪಟ್ಟಿಯ ಪದ್ಧತಿ ಬೇರೂರಿದ್ದು ಆ ಬಳಿಕ. ಇಂದಿಗೂ ಪೈಲಟ್‌ಗಳು ತಮ್ಮ ತಪ್ಪುಗಳನ್ನು ಪರಸ್ಪರ ಹೇಳಿಕೊಳ್ಳುತ್ತಾರೆ, ಇನ್ನೊಬ್ಬರ ಜೀವ ಉಳಿಯಲೆಂದು.

ನಾವು? ಒಮ್ಮೆ ಗ್ಯಾಸ್ ರೆಗ್ಯುಲೇಟರ್ ಮುಚ್ಚದೆ ಕಂಪ್ಲಿಗೆ ಮದುವೆಗೆ ಹೋಗಿದ್ದೆ. ಮರಳಿದಾಗ ಮನೆ ತುಂಬ ವಾಸನೆ. ಅಲ್ಲಾಹನು ಕಾಪಾಡಿದ. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ. ಮುಂದಿನ ತಿಂಗಳು ನೆರೆಮನೆಯ ತಂಗಿ ಅದೇ ರೀತಿ ಮರೆತಳು. ವಾಸನೆ ಬಂದಾಗ ಲೈಟ್ ಹಾಕಿ ಕೈ ಸುಟ್ಟುಕೊಂಡಳು. ನಾನು ಬಾಯಿ ಬಿಟ್ಟಿದ್ದರೆ?

ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟಬೇಡಿ, ಬೆಂಕಿ ಹಚ್ಚಬೇಡಿ, ಕಿಟಕಿ ಬಾಗಿಲು ತೆರೆಯಿರಿ. ಮಲಗುವ ಮುನ್ನ, ಹೊರಡುವ ಮುನ್ನ ರೆಗ್ಯುಲೇಟರ್ ಮುಚ್ಚಿ. ನಿಮ್ಮ ತಪ್ಪನ್ನೂ ಇನ್ನೊಬ್ಬ ಸಹೋದರಿಗೆ ಹೇಳಿ. ಅದೂ ಒಂದು ಸದಕಾ.